ಪಾಕ ನೋಡುವ ಬೆರಳು

ಕಬ್ಬಿನ ಹಾಲು ಬೆಲ್ಲವಾಗುವ ಗಳಿಗೆ ಬಹಳ ಸಣ್ಣದು. ಎರಡೂವರೆ ಗಂಟೆ ಕುದಿದದ್ದು ಕೊನೆಯ ಎರಡು ನಿಮಿಷದಲ್ಲಿ ಕೆಟ್ಟುಹೋಗಬಹುದು. ಮುಂಚೆ ಇಳಿಸಿದರೆ ಅಚ್ಚು ಗಟ್ಟಿಯಾಗುವುದಿಲ್ಲ, ತಡವಾದರೆ ಸೀದುಹೋಗುತ್ತದೆ. ಕೆರಗೋಡಿನಿಂದ ಒಂದೂವರೆ ಮೈಲಿ ದೂರದ ಜವರಯ್ಯನ ಆಲೆಮನೆಯಲ್ಲಿ ಆ ಗಳಿಗೆಯನ್ನು ಹೇಳುವವನು ಅಂಕಯ್ಯ. ಹತ್ತೊಂಬತ್ತು ವರ್ಷದಿಂದ ಅವನೇ.

ಅವನು ಹೇಳುವ ರೀತಿ ಹೀಗೆ. ಬಲಗೈಯ ಬೆರಳುಗಳನ್ನು ಬಕೆಟ್ಟಿನ ತಣ್ಣೀರಿನಲ್ಲಿ ಅದ್ದುತ್ತಾನೆ. ಕೊಪ್ಪರಿಗೆಯೊಳಗಿಂದ ಎತ್ತಿದ ಮರದ ಕೋಲಿನ ತುದಿಯಿಂದ ಒಂದು ಚೂರು ಪಾಕವನ್ನು ಕಿತ್ತು ನೀರಿಗೆ ಬಿಡುತ್ತಾನೆ. ಅದನ್ನೇ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಉರುಳಿಸುತ್ತಾನೆ. ಉಂಡೆ ಕಟ್ಟುತ್ತದೋ, ಕಟ್ಟಿದ್ದು ಒತ್ತಿದರೆ ಚಪ್ಪಟೆಯಾಗುತ್ತದೋ, ಬೆರಳಿಗೆ ಎಷ್ಟು ಎದುರು ನಿಲ್ಲುತ್ತದೆ, ಇಷ್ಟೇ ಲೆಕ್ಕ. ಆಮೇಲೆ ತಲೆಯೆತ್ತಿ "ಇಳ್ಸಿ" ಎನ್ನುತ್ತಾನೆ. ಹಗ್ಗ ಹಿಡಿದ ನಾಲ್ವರು ಕೊಪ್ಪರಿಗೆಯನ್ನು ಒಲೆಯಿಂದ ಎಳೆಯುತ್ತಾರೆ. ಒಮ್ಮೆ ಜವರಯ್ಯ ಮೈಸೂರಿನಿಂದ ಉಷ್ಣತೆ ಅಳೆಯುವ ಗಾಜಿನ ಕಡ್ಡಿ ತಂದಿದ್ದ. ಕಬ್ಬಿನ ಜಾತಿ ಬದಲಾದ ಹಾಗೆ ಅದರ ಲೆಕ್ಕ ತಪ್ಪುತ್ತಿತ್ತು. ಎರಡನೇ ವಾರಕ್ಕೆ ಅದು ಒಡೆಯಿತು, ಇನ್ನೊಂದು ಬರಲಿಲ್ಲ.

ಅಂಕಯ್ಯನಿಗೆ ಈಗ ಐವತ್ತೆರಡು. ಹುಟ್ಟಿದ್ದು ಮಳವಳ್ಳಿಯಿಂದ ಶಿವನಸಮುದ್ರಕ್ಕೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ. ಪಾಕ ಕಲಿತದ್ದು ಸೋದರಮಾವನ ಹತ್ತಿರ. ಮದುವೆಯಾದ ಹೊಸತರಲ್ಲಿ ನಿಡಘಟ್ಟದ ಬಳಿಯ ಒಂದು ಆಲೆಮನೆಗೆ ಸೇರಿದ. ಅಲ್ಲಿ ಬೆಲ್ಲ ಹಳದಿ ಬರಲೆಂದು ಕುದಿಯುವ ಹಾಲಿಗೆ ಬಿಳಿ ಪೌಡರು ಹಾಕುತ್ತಿದ್ದರು. ಪೌಡರು ಬಿದ್ದರೆ ಕೊಳೆ ಕಬ್ಬೂ ಚಿನ್ನದ ಬಣ್ಣಕ್ಕೆ ಬರುತ್ತದೆ, ಕೊಳ್ಳುವವರಿಗೆ ಗೊತ್ತಾಗುವುದಿಲ್ಲ. ಅಂಕಯ್ಯ ಎರಡು ತಿಂಗಳು ಸಹಿಸಿದ. ಆಮೇಲೆ ಒಂದು ದಿನ ಮಾಲೀಕನಿಗೆ, "ಬಣ್ಣ ಬೇಕಾದ್ರೆ ಸುಣ್ಣ ಬಳಿಯೋನ್ನ ಕರ್ಕೊಳಿ, ನಾನ್ ಬರಾಕಿಲ್ಲ" ಎಂದು ಹೇಳಿ ಹೆಂಡತಿ ಚಿಕ್ಕಮಾದಮ್ಮನನ್ನು ಕರೆದುಕೊಂಡು ಬಸ್ಸು ಹತ್ತಿದ. ಜವರಯ್ಯ ಪೌಡರು ಹಾಕುತ್ತಿರಲಿಲ್ಲ. ಅವನ ಬೆಲ್ಲ ಕಪ್ಪಗಿರುತ್ತಿತ್ತು, ಅದನ್ನೇ ಹುಡುಕಿಕೊಂಡು ಬರುವವರು ಇದ್ದರು. ಗಂಡಹೆಂಡಿರು ಇಬ್ಬರೂ ಅಲ್ಲೇ ನಿಂತರು. ಅವನು ಕೊಪ್ಪರಿಗೆಯ ಪಕ್ಕ, ಅವಳು ಅಚ್ಚುಗಳ ಪಕ್ಕ.

ಬೆರಳಿನ ನೋವು ಶುರುವಾದದ್ದು ಹೋದ ವರ್ಷದ ದೀಪಾವಳಿ ಕಳೆದ ಮೇಲೆ. ನೋವಿಗಿಂತ ಹೆಚ್ಚು ಬಿಗಿತ. ಬೆಳಿಗ್ಗೆ ಎದ್ದರೆ ಬೆರಳು ಮಡಿಚುತ್ತಲೂ ಇರಲಿಲ್ಲ, ಪೂರ್ತಿ ಬಿಚ್ಚುತ್ತಲೂ ಇರಲಿಲ್ಲ. ಬೆರಳಿನ ಬುಡದ ಗೆಣ್ಣುಗಳು ಊದಿ, ಗೆಣ್ಣಿನ ನಡುವಿನ ಹಳ್ಳಗಳು ಮುಚ್ಚಿಹೋಗಿರುತ್ತಿದ್ದವು. ಬಿಸಿನೀರಿನ ಚೊಂಬಿನಲ್ಲಿ ಕೈ ಇಟ್ಟು ಕುಳಿತರೆ ಹತ್ತು ಗಂಟೆಯ ಹೊತ್ತಿಗೆ ಸಡಿಲವಾಗುತ್ತಿತ್ತು. ಆಲೆಮನೆಯಲ್ಲಿ ಮೊದಲ ಕೊಪ್ಪರಿಗೆ ಪಾಕಕ್ಕೆ ಬರುವುದು ಎಂಟೂವರೆಗೆ.

ಕಾರಣ ಹುಡುಕಲು ಅವನು ದೂರ ಹೋಗಲಿಲ್ಲ. ತಣ್ಣೀರಿಗೆ ಅದ್ದಿದ ಬೆರಳನ್ನು ಬಿಸಿ ಪಾಕಕ್ಕೆ ಹಾಕುವುದು, ಮತ್ತೆ ತಣ್ಣೀರು, ಮತ್ತೆ ಬಿಸಿ, ಮೂವತ್ತು ವರ್ಷ. ಆಲೆಮನೆಯಲ್ಲಿ ಎಲ್ಲರೂ ಅದನ್ನೇ ಹೇಳಿದರು. ಸೋದರಮಾವನ ಬೆರಳೂ ಕೊನೆಗಾಲದಲ್ಲಿ ಡೊಂಕಾಗಿತ್ತು. ಇದು ಈ ಕೆಲಸದ ಸುಂಕ ಎಂದು ಅಂಕಯ್ಯ ಒಪ್ಪಿಕೊಂಡಿದ್ದ.

ಊರಿನ ಮೆಡಿಕಲ್ ಅಂಗಡಿಯಲ್ಲಿ "ಒಂದು ಸೆಟ್ ಕೊಡಿ" ಎಂದರೆ ಸಾಕು, ಏನು ಎತ್ತ ಎಂದು ಕೇಳುವುದಿಲ್ಲ. ಪೇಪರಿನ ಪೊಟ್ಟಣದಲ್ಲಿ ಮೂರು ಮಾತ್ರೆ: ಒಂದು ಕಿತ್ತಳೆ ಬಣ್ಣದ್ದು, ಒಂದು ಉದ್ದನೆಯದು, ಒಂದು ಬಿಳಿಯ ಪುಟ್ಟದು. ನುಂಗಿ ಒಂದೆರಡು ಗಂಟೆಯಲ್ಲಿ ಬೆರಳು ಬಿಚ್ಚುತ್ತಿತ್ತು. ಕೈ ತೀರಾ ಹಟ ಮಾಡಿದ ದಿನ ಮಾತ್ರ ಅವನು ಸೆಟ್ಟು ನುಂಗುತ್ತಿದ್ದ. ಬರಬರುತ್ತಾ ಅಂಥ ದಿನಗಳು ಹೆಚ್ಚಿದವು.

ಈ ನವೆಂಬರಿನಲ್ಲಿ ಅವನ ಕೈಯಿಂದ ಪಾಕದ ಕೋಲು ಜಾರಿ ಒಲೆಯ ಬಾಯಿಗೆ ಬಿತ್ತು. ಜವರಯ್ಯ ಅಲ್ಲೇ ಇದ್ದ.

"ಏನಯ್ಯ ಅಂಕಯ್ಯ, ಕೈಯಾ ಅದು, ಬಾಳೆಗೊನೆಯಾ?"

"ಏನಿಲ್ಲ ಗೌಡ್ರೇ, ಚಳಿಗೆ ಒಸಿ ಇಡ್ಕೊಂಡದೆ."

"ಚಳಿಯಂತೆ! ಒಲೆ ಮುಂದೆ ನಿಂತ್ಕೊಂಡು ಚಳಿ ಅಂತಾನೆ. ಮಂಡ್ಯಕ್ಕೋಗಿ ತೋರ್ಸ್ಕೊಂಡ್ ಬಾ. ಸಂಕ್ರಾಂತಿಗೆ ಬೆಲ್ಲ ಒಪ್ಕೊಂಡಿವ್ನಿ. ಕೈ ಆಗಾಕಿಲ್ಲ ಅಂದ್ರೆ ಈಗ್ಲೇ ಯೋಳ್ಬುಡು, ಪಾಂಡವಪುರದ ಕಡೆಯಿಂದ ಒಬ್ಬನ್ನ ಕರ್ಸ್ತೀನಿ."

ಕೊನೆಯ ಮಾತನ್ನು ಜವರಯ್ಯ ಸಿಟ್ಟಿನಿಂದ ಹೇಳಲಿಲ್ಲ. ಅಂಕಯ್ಯನಿಗೆ ಹೆದರಿಕೆಯಾದದ್ದು ಅದಕ್ಕೇ.

ಮಂಡ್ಯದಲ್ಲಿ ಕೀಲುಗಳ ಡಾಕ್ಟರು ಪ್ರಸನ್ನ ವಾರಕ್ಕೊಮ್ಮೆ, ಗುರುವಾರ, ಮೈಸೂರಿನಿಂದ ಬಂದು ಕೂರುತ್ತಾರೆ. ಅವರು ಅಂಕಯ್ಯನ ಒಂದೊಂದು ಗೆಣ್ಣನ್ನೂ ಒತ್ತಿ ನೋಡಿದರು.

"ಬೆಳಿಗ್ಗೆ ಬಿಗಿ ಎಷ್ಟು ಹೊತ್ತು ಇರುತ್ತೆ?"

"ಒಸಿ ಒತ್ತು ಸಾ."

"ಒಸಿ ಹೊತ್ತು ಅಂದ್ರೆ?"

"ಒಂದ್ ಕಾಪಿ ಕುಡಿಯೋಗಂಟ."

ಡಾಕ್ಟರು ಬರೆದುಕೊಂಡರು. ಸಂದುವಾತ ಇರಬಹುದು ಎಂದರು. ಮೈಯನ್ನು ಕಾಯಬೇಕಾದ ಶಕ್ತಿಯೇ ತಿರುಗಿಬಿದ್ದು ಕೀಲಿನ ಒಳಪೊರೆಯನ್ನು ಉರಿಸುವ ರೋಗ ಅದು, ಹಾಗೇ ಬಿಟ್ಟರೆ ಮೂಳೆಯನ್ನೂ ತಿನ್ನುತ್ತದೆ. ಆದರೆ ಅಂಕಯ್ಯನ ರಕ್ತಪರೀಕ್ಷೆಯಲ್ಲಿ ಅದರ ಗುರುತು ಸಿಗಲಿಲ್ಲ. ಕೆಲವರಲ್ಲಿ ರೋಗ ಇದ್ದರೂ ಸಿಗುವುದಿಲ್ಲವಂತೆ. ಎಕ್ಸ್‌ರೇಯಲ್ಲಿ ಮೂಳೆಗಳು ಚೆನ್ನಾಗಿಯೇ ಕಂಡವು. ಮೊದಮೊದಲು ಎಕ್ಸ್‌ರೇಗೂ ಅದು ಕಾಣಿಸುವುದಿಲ್ಲ. ಉಳಿದದ್ದು ಸ್ಕ್ಯಾನ್. ಹೊಟ್ಟೆಗೆ ಮಾಡುವಂಥದ್ದೇ, ಬೆರಳಿಗೆ. ಎರಡು ವಾರ ಬಿಟ್ಟು ಬರುವ ಗುರುವಾರಕ್ಕೆ ದಿನ ಕೊಟ್ಟರು.

ಅದಕ್ಕೆ ಮುಂಚಿನ ಹತ್ತು ದಿನ ಅಂಕಯ್ಯ ದಿನಕ್ಕೆ ಎರಡು ಸೆಟ್ಟು ನುಂಗಿದ.

ಅವನ ಲೆಕ್ಕ ಸರಳವಾಗಿತ್ತು. ಊದಿದ, ಮಡಿಚದ ಕೈ ತೆಗೆದುಕೊಂಡು ಹೋದರೆ ಈ ಕೈ ಮುಗಿಯಿತು ಎಂದು ಬರೆದುಕೊಡುತ್ತಾರೆ. ಆ ಕಾಗದ ಜವರಯ್ಯನ ಕೈಸೇರಿದರೆ ಪಾಂಡವಪುರದವನು ಬರುತ್ತಾನೆ. ಕೈ ನೆಟ್ಟಗಿದ್ದರೆ ನೆಟ್ಟಗಿದೆ ಎಂದು ಬರೆಯುತ್ತಾರೆ. ಪರೀಕ್ಷೆ ಎಂದ ಮೇಲೆ ಪಾಸಾಗಬೇಕು.

ಸ್ಕ್ಯಾನಿಂಗ್ ಕೋಣೆಯಲ್ಲಿ ಡಾಕ್ಟರ್ ಅರುಂಧತಿ ಅವನ ಕೈಯನ್ನು ದಿಂಬಿನ ಮೇಲೆ ಇಡಿಸಿ, ತಣ್ಣನೆಯ ಅಂಟು ಹಚ್ಚಿ, ಗೆಣ್ಣುಗಳ ಮೇಲೆ ಸಣ್ಣ ಯಂತ್ರವನ್ನು ಆಡಿಸಿದರು. ಪರದೆ ಅವರ ಕಡೆಗಿತ್ತು. ಇಪ್ಪತ್ತು ನಿಮಿಷ ಹೆಚ್ಚು ಮಾತಿರಲಿಲ್ಲ. ವರದಿಯಲ್ಲಿ ಉರಿಯೂತದ ಗುರುತು ಕಾಣಲಿಲ್ಲ ಎಂದು ಬರೆದರು. ಅದನ್ನು ನೋಡಿ ಪ್ರಸನ್ನ, "ಕೆಲಸದ ನೋವಿರಬಹುದು. ಮೂರು ತಿಂಗಳು ಬಿಟ್ಟು ಬನ್ನಿ" ಎಂದರು.

ಅಂಕಯ್ಯ ಕೆರಗೋಡಿನ ಬಸ್ಸಿನಲ್ಲಿ ಫೈಲನ್ನು ತೊಡೆಯ ಮೇಲಿಟ್ಟುಕೊಂಡು ಬಂದ. ನೇರ ಆಲೆಮನೆಗೆ ಹೋಗಿ ಜವರಯ್ಯನಿಗೆ ಕೊಟ್ಟ. ಜವರಯ್ಯ ಇಂಗ್ಲಿಷಿನ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿ, "ಏನೂ ಇಲ್ವಂತಾ? ಸರಿ ಬುಡು" ಎಂದು ವಾಪಸು ಕೊಟ್ಟ. ಇನ್ನು ಬೇಕಿಲ್ಲವೆಂದು ಅಂಕಯ್ಯ ಅಂದಿನಿಂದಲೇ ಸೆಟ್ಟು ನಿಲ್ಲಿಸಿದ.

ಐದನೆಯ ಬೆಳಿಗ್ಗೆ ಅವನಿಗೆ ಅಂಗಿಯ ಗುಂಡಿ ಹಾಕಲು ಆಗಲಿಲ್ಲ. ಚಿಕ್ಕಮಾದಮ್ಮ ಹಾಕಿದಳು. ಎಂಟೂವರೆಗೆ ಪಾಕದ ಚೂರನ್ನು ನೀರಿನಿಂದ ಎತ್ತಿದಾಗ ಹೆಬ್ಬೆರಳು ತೋರುಬೆರಳಿಗೆ ತಾಗಲಿಲ್ಲ. ನಡುವೆ ಒಂದು ಕಡಲೆಕಾಯಿಯಷ್ಟು ಸಂದು. ಚೂರು ಜಾರಿ ಬಕೆಟ್ಟಿಗೆ ಬಿತ್ತು. ಇನ್ನೊಂದು ಎತ್ತಿದ, ಅದೂ ಬಿತ್ತು. ಹಗ್ಗ ಹಿಡಿದವರು ಅವನ ಮುಖ ನೋಡುತ್ತಿದ್ದರು. ಗುಳ್ಳೆಗಳನ್ನು ನೋಡಿ, ಇಷ್ಟು ವರ್ಷದ ಅಂದಾಜಿನ ಮೇಲೆ "ಇಳ್ಸಿ" ಎಂದ.

ಅಚ್ಚಿಗೆ ಸುರಿದ ಬೆಲ್ಲ ಮಧ್ಯಾಹ್ನವಾದರೂ ಗಟ್ಟಿಯಾಗಲಿಲ್ಲ. ಚಿಕ್ಕಮಾದಮ್ಮ ಅಚ್ಚನ್ನು ಮಗುಚಿ ತಟ್ಟಿದರೆ ಅಂಟು ಅಂಟಾಗಿ ಹಿಡಿದುಕೊಂಡು ಕೂತಿತ್ತು. ಒಂದು ಕೊಪ್ಪರಿಗೆ ಹೋಯಿತು. ಜವರಯ್ಯ ಬಂದು ನೋಡಿದ, ಬೆರಳಲ್ಲಿ ಮುಟ್ಟಿದ, ಪಂಚೆಗೆ ಒರೆಸಿಕೊಂಡ. ಹೊರಗೆ ಹೋಗಿ ಫೋನಿನಲ್ಲಿ ಯಾರೊಂದಿಗೋ ಮಾತಾಡುತ್ತ ನಿಂತ.

ಸಂಜೆ ನಾಲೆಯ ಏರಿಯ ಮೇಲೆ ಮನೆಗೆ ನಡೆಯುವಾಗ ಚಿಕ್ಕಮಾದಮ್ಮ ಕೇಳಿದಳು.

"ಸ್ಕ್ಯಾನಿಂಗ್‌ನಲ್ಲಿ ಏನೂ ಇಲ್ಲ ಅಂದ್ರು ಅಂದಲ್ಲ?"

"ಊಂ."

"ಅವತ್ತು ಸೆಟ್ಟು ನುಂಗ್ಕೊಂಡ್ ಓಗಿದ್ದಾ?"

ಅಂಕಯ್ಯ ನಾಲೆಯ ನೀರಿನ ಕಡೆ ನೋಡುತ್ತ ಮುಂದೆ ನಡೆದ.

"ಕೇಳ್ದೆ ಕಣಯ್ಯ."

"ಅತ್ತು ದಿನ ನುಂಗ್ದೆ. ದಿನಕ್ಕೆರಡು. ಸೆಟೆದ ಕೈ ತೋರ್ಸಿದ್ರೆ ಮುಗೀತು ನಿನ್ ಕೆಲ್ಸ ಅಂತ ಬರ್ದ್ಬುಡ್ತಾರೆ ಅಂತಾವ."

ಚಿಕ್ಕಮಾದಮ್ಮ ನಿಂತಳು. ಬೈಯುತ್ತಾಳೆ ಎಂದುಕೊಂಡ. ಅವಳು ನಕ್ಕಳು.

"ಬೆಲ್ಲಕ್ಕೆ ಪೌಡ್ರು ಆಕೋ ಕಡೆ ನೀರೂ ಕುಡಿಯಾಕಿಲ್ಲ ಅಂತ ನಿಡಘಟ್ಟದಿಂದ ನನ್ ಗಂಟುಮೂಟೆ ಕಟ್ಸ್‌ದೋನು ನೀನು. ಈಗ ನಿನ್ ಬೆರಳ್ಗೆ ನೀನೇ ಪೌಡ್ರು ಆಕ್ಕೊಂಡು ಡಾಕ್ಟ್ರಿಗೆ ತೋರ್ಸ್ಕೊಂಡ್ ಬಂದಿದೀಯಲ್ಲಯ್ಯಾ! ಅವ್ರೇನ್ ಮಾಡ್ತಾರೆ, ಬಣ್ಣ ಚೆಂದಾಗದೆ ಅಂತ ಬರ್ಕೊಟ್ರು."

"ಮುಚ್ಚಮ್ಮಿ ಬಾಯ."

"ಮುಚ್ತೀನಿ. ನಾಳೀಕೆ ಯಾರು ಗುಂಡಿ ಆಕೋರು?"

ಉಂಡ ಮೇಲೆ ಅಂಕಯ್ಯನೇ, "ಡಾಕ್ಟ್ರು ಬರೋ ಗುರುವಾರ ನಾಡಿದ್ದಾ?" ಎಂದು ಕೇಳಿದ.

ಗುರುವಾರ ಇಬ್ಬರೂ ಹೋದರು. ಪ್ರಸನ್ನ ಕೈಯನ್ನು ನೋಡಿದರು, ಹಳೆಯ ವರದಿಯನ್ನು ನೋಡಿದರು, ಮತ್ತೆ ಕೈಯನ್ನು ನೋಡಿದರು. ಅಂಕಯ್ಯ ಬಾಯಿ ತೆರೆಯುವ ಮೊದಲೇ ಚಿಕ್ಕಮಾದಮ್ಮ ಖಾಲಿ ಪೊಟ್ಟಣವೊಂದನ್ನು ಮೇಜಿನ ಮೇಲಿಟ್ಟಳು. ಒಂದು ಸೆಟ್ಟು ಉಳಿದಿದ್ದದ್ದರಿಂದ ಅದನ್ನೂ ಇಟ್ಟಳು.

"ಈ ಬಿಳಿ ಪುಟ್ಟದು ಇದೆಯಲ್ಲ," ಎಂದರು ಪ್ರಸನ್ನ, "ಇದು ಊತವನ್ನು ಒತ್ತಿ ಮಲಗಿಸುತ್ತೆ. ರೋಗ ಹೋಗಲ್ಲ, ಮಲಗಿರುತ್ತೆ. ಮಲಗಿದ್ದಾಗ ಸ್ಕ್ಯಾನ್ ಮಾಡಿದರೆ ಏನು ಕಾಣುತ್ತೆ? ಮನಸ್ಸು ಬಂದಾಗ ನುಂಗಿ, ಬೇಡ ಅನಿಸಿದಾಗ ಬಿಡೋ ಮಾತ್ರೆ ಅಲ್ಲ ಇದು. ಬೆಳಿಗ್ಗೆ ಬಿಗಿ ನಿಜವಾಗಿ ಎಷ್ಟು ಹೊತ್ತು?"

"ಅತ್ತು ಗಂಟೆಗಂಟ ಸಾ," ಎಂದ ಅಂಕಯ್ಯ.

ಅಂದೇ ಮತ್ತೆ ಸ್ಕ್ಯಾನಿಗೆ ಕಳಿಸಿದರು. ಡಾಕ್ಟರ್ ಅರುಂಧತಿ ಚೀಟಿ ಓದಿದರು. "ಹೋದ ಸಲ ನಾನೂ ಕೇಳಬೇಕಿತ್ತು. ಕೇಳಲಿಲ್ಲ" ಎಂದರು. ಇದಾದ ಮೇಲೆ ಆ ಕೋಣೆಯ ಬಾಗಿಲಿಗೆ ದಪ್ಪಕ್ಷರದ ಕನ್ನಡದಲ್ಲಿ ಒಂದು ಹಾಳೆ ಅಂಟಿಸಿದೆ: ಸೆಟ್ ಮಾತ್ರೆ ತೆಗೆದುಕೊಂಡಿದ್ದರೆ ಮೊದಲೇ ಹೇಳಿ, ಬೈಯುವುದಿಲ್ಲ.

ಈ ಸಲ ಪರದೆಯನ್ನು ಅವನ ಕಡೆಗೂ ತಿರುಗಿಸಿದರು. ಕೋಣೆಯ ಫ್ಯಾನು ನಿಲ್ಲಿಸಿದರು. ಕೈ ತಣ್ಣಗಾದರೆ ರಕ್ತದ ಓಡಾಟ ಸರಿಯಾಗಿ ಕಾಣುವುದಿಲ್ಲ. ಯಂತ್ರವನ್ನು ಗೆಣ್ಣಿಗೆ ಸೋಕಿಯೂ ಸೋಕದ ಹಾಗೆ ಹಿಡಿದರು, ಒತ್ತಿದರೂ ಕಾಣುವುದಿಲ್ಲ.

"ಈ ಬಿಳಿ ಗೆರೆ ಮೂಳೆ. ಅದರ ಮೇಲೆ ಕಪ್ಪಗೆ ಉಬ್ಬಿದೆಯಲ್ಲ, ಅದು ಊತ. ಈಗ ನೋಡಿ." ಒಂದು ಗುಂಡಿ ಒತ್ತಿದರು. ಕಪ್ಪಿನೊಳಗೆ ಕೆಂಪು ಚುಕ್ಕಿಗಳು ಮಿನುಗಿದವು, ಆರಿದವು, ಮತ್ತೆ ಮಿನುಗಿದವು. "ಇರಬೇಕಾದ್ದಕ್ಕಿಂತ ಹೆಚ್ಚು ರಕ್ತ ಅಲ್ಲಿ ಓಡ್ತಿದೆ. ಉರಿ ಇರೋ ಜಾಗ ಅದು."

"ಕುದೀತಾ ಅದೆ," ಎಂದ ಅಂಕಯ್ಯ.

"ಹಾಗೇ ಅನ್ನಿ."

ಬಲಗೈ ಮುಗಿಸಿ ಎಡಗೈ ಕೇಳಿದರು.

"ಅದ್ಯಾಕ್ ಮೇಡಂ? ಅದು ಪಾಕ ಮುಟ್ಟಾಕಿಲ್ಲ. ಬಕೆಟ್ಟು ಇಡ್ಕೊತದೆ ಅಷ್ಟೇಯ."

"ಅದಕ್ಕೇ ನೋಡಬೇಕು."

ಎಡಗೈಯಲ್ಲಿ ಕೆಂಪು ಬಲಗೈಗಿಂತ ಹೆಚ್ಚಿತ್ತು. ಅಂಕಯ್ಯ ಪರದೆಯನ್ನೂ ತನ್ನ ಎಡಗೈಯನ್ನೂ ಒಂದರ ನಂತರ ಒಂದು ನೋಡಿದ. ಮೂವತ್ತು ವರ್ಷದಲ್ಲಿ ಒಮ್ಮೆಯೂ ಪಾಕಕ್ಕೆ ಇಳಿಯದ ಕೈ ಅದು. ತನ್ನ ಕೆಲಸವೇ ತನ್ನ ಬೆರಳು ತಿಂದಿತು ಎಂದು ಒಂದು ವರ್ಷದಿಂದ ನಂಬಿಕೊಂಡು ಬಂದಿದ್ದ. ಕೆಲಸದ ತಪ್ಪು ಅದರಲ್ಲಿ ಏನೂ ಇರಲಿಲ್ಲ.

ಎಡಗೈಯ ತೋರುಬೆರಳಿನ ಬುಡದಲ್ಲಿ ಬಿಳಿ ಗೆರೆ ಒಂದು ಕಡೆ ಕಚ್ಚಿಹೋಗಿತ್ತು, ಇಲಿ ಕಡಿದ ಹಾಗೆ. ಅರುಂಧತಿ ಅದನ್ನು ಎರಡು ದಿಕ್ಕಿನಿಂದ ನೋಡಿ ಗುರುತು ಹಾಕಿದರು.

"ಅದು ತುಂಬ್ಕತ್ತದಾ?"

"ತುಂಬಲ್ಲ. ಇನ್ನೊಂದು ಆಗದ ಹಾಗೆ ನೋಡಿಕೊಳ್ಳಬಹುದು."

ಅಂಕಯ್ಯ ಬಲಗೈಯನ್ನು ತಾನಾಗಿಯೇ ಮತ್ತೆ ದಿಂಬಿನ ಮೇಲಿಟ್ಟ. ತೋರುಬೆರಳನ್ನು ಆದಷ್ಟು ಚಾಚಿದ. "ಇದನ್ನ ಇನ್ನೊಂದ್ ದಪ ನೋಡಿ ಮೇಡಂ. ಇದೇ ಪಾಕ ನೋಡೋದು."

ಅವರು ನಿಧಾನವಾಗಿ ನೋಡಿದರು. ಮೇಲಿನಿಂದ, ಪಕ್ಕದಿಂದ, ಬೆರಳನ್ನು ಸ್ವಲ್ಪ ಮಡಿಸಿ. ಚಿಕ್ಕಮಾದಮ್ಮ ಕುರ್ಚಿಯಿಂದ ಎದ್ದು ಬಂದು ನಿಂತಿದ್ದಳು.

"ಊತ ಇದೆ, ಉರಿ ಇದೆ. ಗೆರೆ ಎಲ್ಲೂ ಕಡಿದಿಲ್ಲ. ಮೂಳೆ ಹೋಗಿಲ್ಲ."

ಔಷಧಿ ಶುರುವಾಯಿತು. ವಾರಕ್ಕೆ ಒಂದೇ ದಿನ ನುಂಗುವ ಮಾತ್ರೆ, ತಿಂಗಳಿಗೊಮ್ಮೆ ರಕ್ತಪರೀಕ್ಷೆ, ಹೆಂಡ ಮುಟ್ಟುವಂತಿಲ್ಲ. ಮೊದಲ ಕೆಲವು ವಾರಕ್ಕೆ ಅದೇ ಬಿಳಿ ಪುಟ್ಟ ಮಾತ್ರೆಯನ್ನೇ ಪ್ರಸನ್ನ ಕೊಟ್ಟರು, ಆದರೆ ಸಣ್ಣ ಅಳತೆಯಲ್ಲಿ, ಇಳಿಸುತ್ತಾ ಹೋಗಬೇಕೆಂದು ದಿನಾಂಕ ಬರೆದು. ವಾರದ ಮಾತ್ರೆ ಪೂರ್ತಿ ಹಿಡಿಯಲು ಮೂರು ತಿಂಗಳು ಬೇಕು ಎಂದರು. ಸಂಕ್ರಾಂತಿಗೆ ಐದು ವಾರ ಉಳಿದಿತ್ತು.

ಮರುದಿನ ಅಂಕಯ್ಯ ಎರಡು ವರದಿಯನ್ನೂ ಜವರಯ್ಯನ ಮುಂದಿಟ್ಟು ನಡೆದದ್ದನ್ನು ಹೇಳಿದ. ಹತ್ತು ದಿನದ ಸೆಟ್ಟಿನ ವಿಷಯವನ್ನೂ ಬಿಡಲಿಲ್ಲ.

"ನಂಗೂ ಸುಳ್ ರಿಪೋರ್ಟ್ ತಂದ್ಕೊಟ್ಟಾ?" ಎಂದ ಜವರಯ್ಯ.

"ರಿಪೋರ್ಟು ದಿಟವೇ ಗೌಡ್ರೇ. ಕೈ ಸುಳ್ಳಾಗಿತ್ತು."

"ಈಗೇನಂತೀಯ?"

"ಮೂರು ತಿಂಗ್ಳು. ಅತ್ತು ಗಂಟೆ ಮ್ಯಾಲೆ ನಾನ್ ನೋಡ್ತೀನಿ. ಮೊದಲ್ನೇ ಕೊಪ್ಪರಿಗೆಗೆ ಕಣ್ಣು ನಂದಿರ್ತದೆ. ಬೆರಳು ಮಾತ್ರ ಇವಳ್ದು."

ಜವರಯ್ಯ ಚಿಕ್ಕಮಾದಮ್ಮನ ಕಡೆ ನೋಡಿದ. ಅವನ ಆಲೆಮನೆಯಲ್ಲಿ, ಸುತ್ತಲಿನ ಆಲೆಮನೆಗಳಲ್ಲಿಯೂ, ಹೆಂಗಸರ ಕೆಲಸ ಕಬ್ಬಿನ ಹೊರೆ, ಒಲೆಗೆ ಒಣಸಿಪ್ಪೆ, ಅಚ್ಚು. ಕೊಪ್ಪರಿಗೆಯ ಅಂಚಿಗೆ ಅವರು ಬರುವುದಿಲ್ಲ. ಯಾಕೆ ಎಂದು ಕೇಳಿದವರೂ ಇರಲಿಲ್ಲ.

"ಅವಳಿಗೇನ್ ಗೊತ್ತದೆ ಪಾಕದ್ದು?"

ಉತ್ತರ ಚಿಕ್ಕಮಾದಮ್ಮನಿಂದ ಬಂತು. "ಅಚ್ಚಿಗೆ ಉಯ್ಯೋಳು ನಾನು ಗೌಡ್ರೇ. ಇವರ ಪಾಕ ಎಳೇದಾ, ಬಲ್ತದಾ ಅಂತ ದಿನಾ ಮೊದ್ಲು ಗೊತ್ತಾಗೋದು ನಂಗೇ. ಇವ್ರಿಗೆ ಯೋಳೋದು ಆಮೇಲೆ."

"ಇಷ್ಟ್ ವರ್ಸ ಯೋಳ್ಲಿಲ್ಲ?"

"ಯಾರ್ ಕೇಳಿದ್ರಿ?"

ಜವರಯ್ಯ ಬಾಯಿಯ ಎಲೆಅಡಿಕೆಯನ್ನು ಉಗಿದು ಬಂದ. ಪಾಂಡವಪುರದವನು ಸೋಮವಾರ ಬರುವುದಾಗಿ ಒಪ್ಪಿದ್ದಾನೆ, ಭಾನುವಾರ ಒಂದು ಕೊಪ್ಪರಿಗೆ ನೋಡುತ್ತೇನೆ ಎಂದ.

ಭಾನುವಾರ ಎಂಟು ಗಂಟೆಗೆ ಚಿಕ್ಕಮಾದಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಕೆಟ್ಟಿನ ಪಕ್ಕ ನಿಂತಳು. ಹಗ್ಗದವರಲ್ಲಿ ಒಬ್ಬ ಏನೋ ಅಂದ, ಇನ್ನೊಬ್ಬ ನಕ್ಕ. ಅವಳು ತಿರುಗಿ, "ಅಗ್ಗ ಇಡ್ಕೊಳ್ಲಾ, ಅಲ್ಲು ಆಮ್ಯಾಕೆ ಬುಡು" ಎಂದಳು. ಅಂಕಯ್ಯ ಎರಡೂ ಕೈಯನ್ನು ಟವಲ್ಲಿನಲ್ಲಿ ಸುತ್ತಿಕೊಂಡು ಅವಳ ಎಡಕ್ಕೆ ನಿಂತಿದ್ದ.

ನೊರೆ ಇಳಿಯಿತು. ಗುಳ್ಳೆಗಳು ದೊಡ್ಡವಾದವು, ಆಮೇಲೆ ಸಣ್ಣವಾಗಿ ಒತ್ತೊತ್ತಾದವು. ಕೋಲಿನಿಂದ ಇಳಿಯುವ ಪಾಕ ಹನಿಯಾಗುವುದನ್ನು ಬಿಟ್ಟು ಎಳೆಯಾಯಿತು. ಚಿಕ್ಕಮಾದಮ್ಮ ಒಮ್ಮೆ ಉರುಳಿಸಿ ನೋಡಿದಳು, ತಲೆ ಅಲ್ಲಾಡಿಸಿದಳು. ಇನ್ನೊಮ್ಮೆ ನೋಡಿದಳು.

ಅಂಕಯ್ಯನ ಕಣ್ಣಿಗೆ ಆಗಿತ್ತು. ಬಣ್ಣ ಬಂದಿತ್ತು, ಹಬೆಯ ವಾಸನೆ ಬಂದಿತ್ತು. ತಡವಾದರೆ ಸೀಯುತ್ತದೆ, ಇದು ಸೀದರೆ ಸೋಮವಾರ ಇನ್ನೊಬ್ಬನದು. ಹಗ್ಗದವರು ವಾಡಿಕೆಯಂತೆ ಅವನನ್ನೇ ನೋಡುತ್ತಿದ್ದರು. ಜವರಯ್ಯನೂ ಅವನನ್ನೇ ನೋಡುತ್ತಿದ್ದ.

"ಆಯ್ತು ಅಲ್ವಾ?" ಎಂದ ಅಂಕಯ್ಯ, ಮೆಲ್ಲಗೆ.

ಚಿಕ್ಕಮಾದಮ್ಮ ಬೆರಳ ನಡುವಿನ ಉಂಡೆಯನ್ನು ಒತ್ತುತ್ತಿದ್ದಳು. "ಇಲ್ಲ. ಇನ್ನೂ ಮೆತ್ತಗದೆ."

ಹತ್ತೊಂಬತ್ತು ವರ್ಷದಲ್ಲಿ ಆ ಜಾಗದಲ್ಲಿ ಯಾರೂ ಅವನಿಗೆ ಇಲ್ಲ ಎಂದಿರಲಿಲ್ಲ. "ಇಳ್ಸಿ" ಎಂದು ಅವನು ಒಂದು ಮಾತು ಹೇಳಿದ್ದರೆ ನಾಲ್ವರೂ ಎಳೆಯುತ್ತಿದ್ದರು. ಅವನು ಟವಲ್ಲಿನಿಂದ ಬಲಗೈ ತೆಗೆದ. ಮಡಿಚಲಾಗದ ಆ ಬೆರಳುಗಳನ್ನು ಹಗ್ಗದವರ ಕಡೆಗೆ ಚಾಚಿ, ತಾಳಿ ಎಂಬಂತೆ ಹಿಡಿದ.

ಅವಳು ಇನ್ನೊಂದು ಚೂರು ಕಿತ್ತು ನೀರಿಗೆ ಹಾಕಿದಳು, ಎತ್ತಿದಳು, ಉರುಳಿಸಿದಳು.

"ಊಂ," ಎಂದಳು.

ಅಂಕಯ್ಯ ಕೈ ಕೆಳಗಿಳಿಸಿ, "ಇಳ್ಸಿ" ಎಂದ.

ಹತ್ತೂವರೆಗೆ ಜವರಯ್ಯ ಮೊದಲ ಅಚ್ಚನ್ನು ತಾನೇ ಮಗುಚಿದ. ಬೆಲ್ಲ ಕಪ್ಪಗೆ, ಅಂಚು ಮುರಿಯದೆ ಕೈಗೆ ಬಂತು. ಅದನ್ನು ಕೆಳಗಿಟ್ಟು, ಜೇಬಿನಿಂದ ಫೋನು ತೆಗೆದು, ಪಾಂಡವಪುರದವನಿಗೆ ಬರುವುದು ಬೇಡ ಎಂದು ಹೇಳಿದ. ಆ ಹೊತ್ತಿಗೆ ಎರಡನೆಯ ಕೊಪ್ಪರಿಗೆ ಒಲೆಗೆ ಏರಿತ್ತು. ಅಂಕಯ್ಯ ಕೈ ಬಿಚ್ಚಿ, ಮುಚ್ಚಿ, ಹೆಬ್ಬೆರಳಿಗೆ ತೋರುಬೆರಳನ್ನು ತಾಗಿಸಿ ನೋಡಿಕೊಂಡ. ತಾಗಲು ಇನ್ನೂ ಒಂಚೂರು ಉಳಿದಿತ್ತು. ಚಿಕ್ಕಮಾದಮ್ಮ ಬಕೆಟ್ಟಿನ ಬಳಿಯಿಂದ ಕದಲಲಿಲ್ಲ. ಅವನೂ ಅವಳಿಗೆ ಹೋಗು ಎನ್ನಲಿಲ್ಲ.